ಪೈನ್ ಮರಗಳ ನೆರಳಲ್ಲಿ ನಾಲ್ಕು ದಿನದ ಸೈಕಲ್ ಸವಾರಿ

ಯುರೋಪು ಪ್ರವಾಸವೆಂದರೆ ನಮ್ಮ ತಲೆಮಾರಿನವರಿಗೆ ಹತ್ತು ದಿನದಲ್ಲಿ ಏಳು ದೇಶ, ಬಸ್ಸಿನ ಕಿಟಕಿಯಿಂದ ಕಂಡ ಆಲ್ಪ್ಸ್ ಪರ್ವತ, ಐಫೆಲ್ ಗೋಪುರದ ಮುಂದೆ ನಿಂತು ತೆಗೆಸಿಕೊಂಡ ಒಂದು ಫೋಟೋ. ನಿಮ್ಮ ದಾರಿಯೇ ಬೇರೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ಹುಟ್ಟಿ ಬೆಳೆದ ನೀವು ಓದಿಗೆಂದೋ ಕೆಲಸಕ್ಕೆಂದೋ ಮಿಲಾನ್, ಮ್ಯೂನಿಕ್ ಎಂದು ಹೊರಟುಬಿಡುತ್ತೀರಿ. ನಾಲ್ಕು ದಿನ ರಜೆ ಸಿಕ್ಕಿತೆಂದರೆ ನಾಲ್ಕಾರು ಗೆಳೆಯರು ಸೇರಿ ಸೈಕಲ್ ಹತ್ತುತ್ತೀರಿ. ಒಳ್ಳೆಯದೇ. ಒಂದು ನಾಡನ್ನು ನೋಡಬೇಕಾದರೆ ಸೈಕಲ್ಲಿನಷ್ಟು ತಕ್ಕ ವಾಹನ ಇನ್ನೊಂದಿಲ್ಲ. ನಡೆಯುವವನಿಗಿಂತ ಹೆಚ್ಚು ದೂರ ಹೋಗಬಹುದು, ಕಾರಿನವನಿಗಿಂತ ಹೆಚ್ಚು ನೋಡಬಹುದು.

ಆದರೆ ಹೊರಡುವ ಮುನ್ನ ಹಾಕುವ ಯೋಜನೆ ಬಹಳ ಸಲ ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿ ಕಾಲಿನವನ ಲೆಕ್ಕಕ್ಕೆ ಹಾಕಿದ್ದಾಗಿರುತ್ತದೆ. 'ದಿನಕ್ಕೆ ಎಂಬತ್ತು ಕಿಲೋಮೀಟರ್ ಏನು ಮಹಾ!' ಎಂದು ಒಬ್ಬ ಹೇಳುತ್ತಾನೆ, ಉಳಿದವರು ಮರ್ಯಾದೆಗೆ ಅಂಜಿ ತಲೆಯಾಡಿಸುತ್ತಾರೆ. ಮದುವೆ ಮನೆಯ ಅಡಿಗೆಗೆ ಪಟ್ಟಿ ಬರೆದ ಹೆಂಗಸರಿಗೆ ಒಂದು ವಿಷಯ ಗೊತ್ತು: ಅಂದಾಜು ಹಾಕಬೇಕಾದ್ದು ಮೊದಲ ಪಂಕ್ತಿಗಲ್ಲ, ಕಡೆಯ ಪಂಕ್ತಿಗೆ. ಸೈಕಲ್ ಪ್ರವಾಸಕ್ಕೂ ಅದೇ ಮಾತು. ಸಾಲಿನಲ್ಲಿ ಕೊನೆಯಲ್ಲಿರುವವರು ನಗುನಗುತ್ತ ಊರು ಸೇರಬೇಕು, ಹಾದುಬಂದ ಕಾಡು ಹೇಗಿತ್ತೋ ಹಾಗೇ ಇರಬೇಕು. ಈ ಎರಡನ್ನೂ ಮುಂದಿಟ್ಟುಕೊಂಡು ಒಂದು ನಿಜವಾದ ದಾರಿಯನ್ನು ಯೋಜಿಸುವುದು ಹೇಗೆಂದು ಈ ಲೇಖನದಲ್ಲಿ ನೋಡೋಣ. ನಾನು ಆರಿಸಿಕೊಂಡಿರುವುದು ಇಟಲಿಯ ಟಸ್ಕನಿ ಪ್ರಾಂತದ ದಕ್ಷಿಣ ಕರಾವಳಿ, ಮರೆಮ್ಮಾ ಎಂಬ ಸೀಮೆ.

ಕೊಡೆಯಂಥ ಮರಗಳು

ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಟಸ್ಕನಿಯ ಪೈನ್ ಕಾಡು ತೀರ ಅಪರಿಚಿತವಲ್ಲ. ಕವಿ ಶೆಲ್ಲಿ 1822ರಲ್ಲಿ ಪೀಸಾ ನಗರದ ಬಳಿಯ ಪೈನ್ ಕಾಡಿನ ಬಗ್ಗೆ ಕವಿತೆ ಬರೆದ. ಅದೇ ವರ್ಷ ಜುಲೈ 8ರಂದು ಲಿವೋರ್ನೊದಿಂದ ದೋಣಿಯಲ್ಲಿ ಹೊರಟವನು ಬಿರುಗಾಳಿಗೆ ಸಿಕ್ಕಿ ಮುಳುಗಿದ. ಅವನ ದೇಹವನ್ನು ವಿಯರೆಜ್ಜೊ ಊರಿನ ಹತ್ತಿರದ ಮರಳಿನ ಮೇಲೆಯೇ ದಹನ ಮಾಡಿದರು. ನಾವು ಹೋಗಬೇಕಾದ ಮರೆಮ್ಮಾ ಅಲ್ಲಿಂದ ದಕ್ಷಿಣಕ್ಕೆ, ಪೀಸಾದಿಂದ ರೋಮಿಗೆ ಹೋಗುವ ಕರಾವಳಿ ರೈಲುಮಾರ್ಗದ ನಡುವೆ ಇದೆ.

ಮೆಡಿಟರೇನಿಯನ್ ಕರಾವಳಿಯಲ್ಲಿ ಮುಖ್ಯವಾಗಿ ಮೂರು ಬಗೆಯ ಪೈನ್ ಮರಗಳನ್ನು ಕಾಣುತ್ತೇವೆ. ಮೊದಲನೆಯದು ಕೊಡೆಯಂತೆ ಮೇಲೆ ಮಾತ್ರ ಹರಡಿಕೊಳ್ಳುವ ಸ್ಟೋನ್ ಪೈನ್. ಇದರ ಕಾಯಿ ಬಲಿಯಲು ಮೂರು ವರ್ಷ ಬೇಕು. ಒಳಗಿನ ಬೀಜ ತಿನ್ನಲು ಬಲು ರುಚಿ. ಮುಂಬಯಿ, ದಿಲ್ಲಿಯ ಒಣಹಣ್ಣಿನ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಸಿಗುವ ಚಿಲ್ಗೋಜಾದ ದಾಯಾದಿ ಎನ್ನಬಹುದು. ಚಿಲ್ಗೋಜಾ ಹಿಮಾಲಯದ ಕಡೆಯ ಬೇರೊಂದು ಪೈನ್ ಮರದ್ದು. ಎರಡನೆಯದು ಮ್ಯಾರಿಟೈಮ್ ಪೈನ್. ಉಪ್ಪುಗಾಳಿಯನ್ನು ಎದುರಿಸಲೆಂದು ಇದನ್ನು ಸಮುದ್ರದ ಕಡೆಯ ಸಾಲಿನಲ್ಲಿ ನೆಟ್ಟು, ಅದರ ಹಿಂದೆ ಸ್ಟೋನ್ ಪೈನನ್ನು ಬೆಳೆಸುವುದು ವಾಡಿಕೆ. ಮೂರನೆಯದು ಅಲೆಪ್ಪೊ ಪೈನ್. ಬಂಡೆಗಲ್ಲಿನ ಒಣನೆಲದಲ್ಲೂ ಬದುಕುತ್ತದೆ. ಇದರ ಕೆಲವು ಕಾಯಿಗಳು ಬಿಗಿಯಾಗಿ ಮುಚ್ಚಿಕೊಂಡೇ ಇದ್ದು, ಕಾಡ್ಗಿಚ್ಚಿನ ಶಾಖ ತಗಲಿದಾಗ ಬಿಚ್ಚಿಕೊಂಡು ಬೀಜ ಚೆಲ್ಲುತ್ತವೆ.

ಸೈಕಲ್ ಸವಾರರಿಗೆ ಇವುಗಳಿಂದ ಒಂದು ದೊಡ್ಡ ಉಪಕಾರವುಂಟು. ಮರ ಎತ್ತರ, ಕೆಳಗೆ ನೆಲ ಸಮತಟ್ಟು, ಮೇಲೆ ನೆರಳು, ನೂರಿನ್ನೂರು ಹೆಜ್ಜೆಯಾಚೆ ಸಮುದ್ರ. ಉಪದ್ರವವೂ ಒಂದುಂಟು. ಪೈನ್ ಬೇರುಗಳು ನೆಲದ ಮೇಲುಭಾಗದಲ್ಲೇ ಹಬ್ಬಿ ಡಾಂಬರನ್ನು ಉಬ್ಬಿಸಿಬಿಡುತ್ತವೆ. ಎಲೆಯ ಸಂದಿನಿಂದ ಬೀಳುವ ಬಿಸಿಲಿನ ಚುಕ್ಕೆಗಳಲ್ಲಿ ಈ ಉಬ್ಬು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಪೈನ್ ಕಾಡಿನ ದಾರಿ ಸಮತಟ್ಟಾಗಿದ್ದರೂ ವೇಗದ ದಾರಿಯಲ್ಲ. ಇದನ್ನು ಲೆಕ್ಕದಲ್ಲಿ ಮೊದಲೇ ಹಿಡಿಯಬೇಕು.

ಮನುಷ್ಯರು ನೆಟ್ಟ ಕಾಡು

ಈ ಕಾಡುಗಳನ್ನು ನೋಡಿದವರು ಇವು ಅನಾದಿಯಿಂದ ಹೀಗೇ ಇವೆಯೆಂದು ಭಾವಿಸುವುದು ಸಹಜ. ಹಾಗಲ್ಲ. ಮರೆಮ್ಮಾ ಕರಾವಳಿಯ ಪೈನ್ ಕಾಡಿನ ಹೆಚ್ಚಿನ ಪಾಲು ಮನುಷ್ಯರು ಕೈಯಾರೆ ನೆಟ್ಟದ್ದು. ಒಂದು ಕಾಲದಲ್ಲಿ ಇದು ಜೌಗುನೆಲ, ಮಲೇರಿಯಾದ ತವರು. ಗ್ರೊಸ್ಸೇತೊ ಪಟ್ಟಣದ ಸರಕಾರಿ ಕಚೇರಿಗಳನ್ನೇ ಬೇಸಿಗೆಯಲ್ಲಿ ಗುಡ್ಡದ ಮೇಲಿನ ಸ್ಕನ್ಸಾನೊ ಊರಿಗೆ ಸಾಗಿಸುತ್ತಿದ್ದರು. 19ನೆಯ ಶತಮಾನದ ಕೊನೆಯ ಭಾಗದವರೆಗೂ ಈ ಪದ್ಧತಿ ನಡೆಯಿತು. ಟಸ್ಕನಿಯ ದೊರೆ ಎರಡನೆಯ ಲಿಯೊಪೋಲ್ಡ್ 1828ರಲ್ಲಿ ಕಾಲುವೆ ತೋಡಿಸಿ ಜೌಗನ್ನು ಒಣಗಿಸುವ ದೊಡ್ಡ ಕೆಲಸಕ್ಕೆ ಕೈಹಾಕಿದ. ಮರಳು ಹಾರದಂತೆ, ಉಪ್ಪುಗಾಳಿ ಹೊಲಕ್ಕೆ ನುಗ್ಗದಂತೆ ತಡೆಯಲು ಕಡಲಂಚಿನಲ್ಲಿ ಪೈನ್ ಸಸಿಗಳನ್ನು ನೆಡಿಸುತ್ತ ಬಂದರು.

ಮಲೇರಿಯಾ ಕೆಟ್ಟ ಗಾಳಿಯಿಂದ ಬರುತ್ತದೆಂದೇ ಬಹುಕಾಲ ನಂಬಿದ್ದರು. ಇಟಾಲಿಯನ್ನಿನಲ್ಲಿ ಆ ಹೆಸರಿನ ಅರ್ಥವೇ ಕೆಟ್ಟ ಗಾಳಿ. ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣುವನ್ನು ರೊನಾಲ್ಡ್ ರಾಸ್ ಕಂಡುಹಿಡಿದದ್ದು 1897ರ ಆಗಸ್ಟ್ 20ರಂದು, ನಮ್ಮ ಸಿಕಂದರಾಬಾದಿನಲ್ಲಿ. ಹೈದರಾಬಾದಿನ ಓದುಗರು ಹೆಮ್ಮೆಪಡಬಹುದು. ಮರುವರ್ಷವೇ ಇಟಲಿಯ ಗ್ರಾಸ್ಸಿ ಎಂಬ ವಿಜ್ಞಾನಿ, ಮನುಷ್ಯರಿಗೆ ಈ ರೋಗವನ್ನು ತರುವುದು ಅನಾಫಿಲಿಸ್ ಸೊಳ್ಳೆ ಎಂದು ತೋರಿಸಿದ. ಕೊನೆಗೆ 1970ರಲ್ಲಿ ಇಟಲಿಯನ್ನು ಮಲೇರಿಯಾಮುಕ್ತ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ನಮ್ಮ ಕಾರವಾರದ ಕಡಲ ತೀರದಲ್ಲಿ ಸಾಲಾಗಿ ನಿಂತ ಗಾಳಿಮರಗಳನ್ನು ನೀವು ನೋಡಿರಬಹುದು. ಸರ್ವೆ ಮರವೆಂದೂ ಅದನ್ನು ಕರೆಯುತ್ತಾರೆ. ಅದೂ ಹೊರಗಿನಿಂದ ತಂದು 19ನೆಯ ಶತಮಾನದಲ್ಲಿ ನೆಡಲು ತೊಡಗಿದ್ದೇ. ಮರಳನ್ನು ಹಿಡಿದಿಡುವ ಅದೇ ಕೆಲಸವನ್ನು ಅಲ್ಲಿ ಪೈನ್ ಮಾಡುತ್ತಿದೆ. ನೆಟ್ಟವರಲ್ಲಿ ಹೆಚ್ಚಿನವರು ಆ ನೆರಳಲ್ಲಿ ಕೂರಲಿಲ್ಲ. ಒಂದು ಶತಮಾನ ಕಾದು ಬೆಳೆಸಿದ ಈ ಕಾಡು ಒಂದೇ ಮಧ್ಯಾಹ್ನದ ಬೆಂಕಿಗೆ ಬೂದಿಯಾಗಬಹುದು. ನಮ್ಮ ಪ್ರವಾಸದ ಯೋಜನೆಯಲ್ಲಿ ಕಾಡಿನ ಹಿತಕ್ಕೂ ಒಂದು ಸ್ಥಾನ ಇರಲೇಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ.

'ಮಧ್ಯಮ' ಎಂದರೆ ಎಷ್ಟು?

ಪ್ರವಾಸಿ ಪುಸ್ತಕಗಳಲ್ಲಿ ಸುಲಭ, ಮಧ್ಯಮ, ಕಠಿಣ ಎಂದು ದಾರಿಗಳನ್ನು ವಿಂಗಡಿಸಿರುತ್ತಾರೆ. ಬರೀ ಕಿಲೋಮೀಟರ್ ನೋಡಿ ಇದನ್ನು ತೀರ್ಮಾನಿಸಬಾರದು. ದೂರ, ಏರು, ನೆಲ, ಗಾಳಿ, ಬಿಸಿಲು ಈ ಐದೂ ಸೇರಿ ಒಂದು ದಿನದ ಶ್ರಮವಾಗುತ್ತದೆ.

ಚೀಲ ಕಟ್ಟಿಕೊಂಡ ಸೈಕಲ್ಲಿನಲ್ಲಿ ಸಾಮಾನ್ಯ ಸವಾರರ ವೇಗ ಗಂಟೆಗೆ ಹದಿನೈದು ಕಿಲೋಮೀಟರ್ ಎಂದು ಹಿಡಿಯಿರಿ. ಮರಳುಮಿಶ್ರಿತ ಕಾಡುದಾರಿಯಲ್ಲಿ ಅದು ಹತ್ತಕ್ಕೆ ಇಳಿಯುತ್ತದೆ. ನಲವತ್ತೈದು ಕಿಲೋಮೀಟರೆಂದರೆ ಕಾಗದದ ಮೇಲೆ ಮೂರು ಗಂಟೆ. ನೀರು, ಫೋಟೋ, ದಾರಿ ಕೇಳುವುದು, ಚಕ್ರಕ್ಕೆ ಗಾಳಿ ತುಂಬುವುದು, ಊಟ ಎಲ್ಲ ಸೇರಿಸಿದರೆ ಆರು ಗಂಟೆ. ಕಾಗದದ ಲೆಕ್ಕವನ್ನು ಎರಡರಿಂದ ಗುಣಿಸಿದರೆ ನಿಜವಾದ ಲೆಕ್ಕ ಸಿಗುತ್ತದೆ ಎಂದಿಟ್ಟುಕೊಳ್ಳಿ.

ಏರಿನ ಲೆಕ್ಕವೂ ಸುಲಭ. ನೂರು ಮೀಟರ್ ಮುಂದೆ ಹೋಗುವಾಗ ಐದು ಮೀಟರ್ ಮೇಲೇರಿದರೆ ಅದು ಶೇಕಡಾ ಐದರ ಏರು; ಗೇರು ಬದಲಿಸಿ ನಿಧಾನವಾಗಿ ಹತ್ತಬಹುದು. ಶೇಕಡಾ ಹತ್ತು ಬಂದರೆ ಬಹಳ ಜನ ಇಳಿದು ತಳ್ಳುತ್ತಾರೆ. ಫೋನಿನ ನಕಾಶೆಗಳು ದಾರಿಯ ಏರಿಳಿತವನ್ನು ಗೆರೆ ಎಳೆದು ತೋರಿಸುತ್ತವೆ. ಒಟ್ಟು ಏರು ಎಷ್ಟೆಂದು ನೋಡಿದರೆ ಸಾಲದು, ಅದು ದಿನದ ಯಾವ ಹೊತ್ತಿನಲ್ಲಿ ಬರುತ್ತದೆ ಎಂಬುದನ್ನೂ ನೋಡಬೇಕು. ಬೆಳಿಗ್ಗೆ ಎಂಟಕ್ಕೆ ಹತ್ತುವ ಗುಡ್ಡ ಬೇರೆ, ಮಧ್ಯಾಹ್ನ ಎರಡಕ್ಕೆ ಹತ್ತುವ ಅದೇ ಗುಡ್ಡ ಬೇರೆ.

ನನ್ನ ಮಟ್ಟಿಗೆ, ದಿನಕ್ಕೆ ಮೂವತ್ತರಿಂದ ಐವತ್ತು ಕಿಲೋಮೀಟರ್, ಸಣ್ಣಪುಟ್ಟ ಏರು, ಮಧ್ಯಾಹ್ನದ ಬಿಸಿಲಿಗೆ ವಿಶ್ರಾಂತಿ, ಸಾಕಾದರೆ ಹತ್ತಿಕೊಳ್ಳಲು ಸಮೀಪದಲ್ಲೊಂದು ರೈಲು ನಿಲ್ದಾಣ ಇಷ್ಟು ಇದ್ದರೆ ಅದು ಮಧ್ಯಮ ದಾರಿ. ಈ ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಹಿಂದಿರುಗುವ ದಾರಿ ಇಲ್ಲದ ಯೋಜನೆ ಯೋಜನೆಯೇ ಅಲ್ಲ.

ನಾಲ್ಕು ದಿನದ ದಾರಿ

ಈಗ ದಾರಿಗೆ ಬರೋಣ. ದೂರಗಳೆಲ್ಲ ಸುಮಾರು ಲೆಕ್ಕ. ನೀವು ಹಿಡಿಯುವ ಒಳದಾರಿಗೆ ತಕ್ಕಂತೆ ಸ್ವಲ್ಪ ಹೆಚ್ಚುಕಡಿಮೆಯಾಗುತ್ತದೆ.

ಮೊದಲ ದಿನ: ಪೀಸಾ ಅಥವಾ ರೋಮಿನಿಂದ ರೈಲಿನಲ್ಲಿ ಫೊಲ್ಲೋನಿಕಾ ಊರಿಗೆ ಬಂದು ಇಳಿಯಿರಿ. ಹಿಂದೆ ಕಬ್ಬಿಣ ಕರಗಿಸುತ್ತಿದ್ದ ಊರು. ಕಡಲಂಚಿನಲ್ಲಿ ಪೈನ್ ತೋಪುಗಳಿವೆ. ಅಲ್ಲಿಂದ ಪುಂಟೋನೆ ಮಾರ್ಗವಾಗಿ ಕಸ್ತಿಲ್ಯೋನೆ ದೆಲ್ಲಾ ಪೆಸ್ಕಾಯಾ ಎಂಬ ಮೀನುಗಾರರ ಹಳೆಯ ಊರಿಗೆ ನೇರವಾಗಿ ಹೋದರೆ ಇಪ್ಪತ್ತೈದು ಕಿಲೋಮೀಟರ್. ಸಣ್ಣ ಏರಿಳಿತಗಳು ಈ ದಿನದಲ್ಲೇ ಬರುತ್ತವೆ. ಕಾಲಲ್ಲಿ ಕಸುವಿದ್ದವರು ಪುಂಟಾ ಆಲಾ ಎಂಬ ಭೂಶಿರದ ಕಡೆ ತಿರುಗಿ ಬಂದರೆ ಹತ್ತು ಹನ್ನೆರಡು ಕಿಲೋಮೀಟರ್ ಹೆಚ್ಚು. ಗುಂಪು ಇಲ್ಲಿ ಎರಡಾಗಬಹುದು. ಸಂಜೆ ಒಂದೇ ಊರಿನಲ್ಲಿ ಸೇರುತ್ತೀರಿ. ಕಸ್ತಿಲ್ಯೋನೆಗೆ ಸ್ವಲ್ಪ ಮೊದಲು ಸಿಗುವ ರೊಕ್ಕಮಾರೆ ಪೈನ್ ಕಾಡಿನಲ್ಲಿ ಲೇಖಕ ಇತಾಲೊ ಕಾಲ್ವಿನೊ ಅವರ ಮನೆಯಿತ್ತು. 1985ರಲ್ಲಿ ತೀರಿಕೊಂಡ ಅವರ ಸಮಾಧಿ ಕಸ್ತಿಲ್ಯೋನೆಯ ಸ್ಮಶಾನದಲ್ಲಿದೆ. ಅವರ 'ಇನ್ವಿಸಿಬಲ್ ಸಿಟೀಸ್' ಓದಿದವರು ನಿಮ್ಮಲ್ಲಿ ಕೆಲವರಾದರೂ ಇರಬೇಕು.

ಎರಡನೆಯ ದಿನ: ಇದು ಸುಲಭದ ದಿನ. ಬೆಳಿಗ್ಗೆ ಬೇಗನೆ ಊರ ಹೊರಗಿನ ದ್ಯಾಚ್ಚಾ ಬೊತ್ರೋನಾ ಎಂಬ ಜೌಗುನೆಲಕ್ಕೆ ಹೋಗಿ ಹಕ್ಕಿಗಳನ್ನು ನೋಡಿ. ಹಿಂದೆ ಇದ್ದ ದೊಡ್ಡ ಸರೋವರವೊಂದರ ಉಳಿಕೆ ಅದು. 18ನೆಯ ಶತಮಾನದಲ್ಲಿ ನೀರನ್ನು ಹತೋಟಿಗೆ ತರಲು ಕಟ್ಟಿಸಿದ 'ಕೆಂಪು ಮನೆ' ಇಂದಿಗೂ ನಿಂತಿದೆ. ಆಮೇಲೆ ತೊಂಬೊಲೊ ಪೈನ್ ಕಾಡಿನ ಮೂಲಕ ಮರೀನಾ ದಿ ಗ್ರೊಸ್ಸೇತೊ ಕಡೆಗೆ ಸುಮಾರು ಹನ್ನೊಂದು ಕಿಲೋಮೀಟರ್. ಈ ಪ್ರವಾಸದ ಹೃದಯವೇ ಈ ಹಾದಿ. ಒಂದು ಕಡೆ ಕಡಲ ಮೊರೆತ, ತಲೆಯ ಮೇಲೆ ಕೊಡೆ ಹಿಡಿದಂತೆ ಮರಗಳು, ಬಿಸಿಲಿಗೆ ಕಾದ ರಾಳದ ಪರಿಮಳ. ಅವಸರ ಮಾಡಬೇಡಿ. ಮಧ್ಯಾಹ್ನ ಕಳೆದ ಮೇಲೆ ಒಳನಾಡಿನ ಗ್ರೊಸ್ಸೇತೊ ಪಟ್ಟಣ ಸೇರಿದರೆ ಆ ದಿನದ ಒಟ್ಟು ಮೂವತ್ತು ಕಿಲೋಮೀಟರ್ ದಾಟುವುದಿಲ್ಲ. ಮೆದಿಚಿ ಮನೆತನದ ಕಾಲದಲ್ಲಿ ಕಟ್ಟಿದ ಆರು ಮೂಲೆಯ ಕೋಟೆಗೋಡೆ ಊರಿನ ಸುತ್ತ ಇದೆ. ಸಂಜೆ ಅದರ ಮೇಲೆ ಅಡ್ಡಾಡಬಹುದು. ಎರಡು ರಾತ್ರಿ ಇಲ್ಲೇ ತಂಗಿ.

ಮೂರನೆಯ ದಿನ: ಎಲ್ಲಕ್ಕಿಂತ ಉದ್ದದ ದಿನ, ನಲವತ್ತೈದರಿಂದ ಐವತ್ತು ಕಿಲೋಮೀಟರ್. ಆದರೆ ಭಾರವಾದ ಚೀಲಗಳು ಕೋಣೆಯಲ್ಲೇ ಉಳಿಯುತ್ತವೆ. ಗ್ರೊಸ್ಸೇತೊದಿಂದ ಅಲ್ಬೆರೇಸೆ ಹಳ್ಳಿಗೆ, ಅಲ್ಲಿಂದ ಎಂಟು ಕಿಲೋಮೀಟರ್ ಕಡಲತ್ತ ಮರೀನಾ ದಿ ಅಲ್ಬೆರೇಸೆಗೆ, ಅದೇ ದಾರಿಯಲ್ಲಿ ವಾಪಸು. ಇದು 1975ರಲ್ಲಿ ಸ್ಥಾಪನೆಯಾದ ಮರೆಮ್ಮಾ ಪ್ರಾಂತೀಯ ಉದ್ಯಾನದ ಪ್ರದೇಶ. ಉದ್ದ ಕೊಂಬಿನ ಬೂದುಬಣ್ಣದ ದನಗಳು, ಕುದುರೆಯೇರಿ ಅವನ್ನು ಕಾಯುವ 'ಬುತ್ತೇರಿ' ಎಂಬ ದನಗಾಹಿಗಳು, ದೊರೆಗಳ ಕಾಲದಲ್ಲಿ ನೆಟ್ಟ ಸ್ಟೋನ್ ಪೈನ್ ಕಾಡು ಎಲ್ಲ ಇಲ್ಲುಂಟು. ತುದಿಯಲ್ಲಿ ಮನಸ್ಸಿಗೆ ನೋವಾಗುವ ನೋಟವೂ ಒಂದಿದೆ. ಓಂಬ್ರೋನೆ ನದಿ ಹಿಂದಿನಷ್ಟು ಮರಳನ್ನು ಹೊತ್ತು ತರುತ್ತಿಲ್ಲವಾದ್ದರಿಂದ ಅದರ ಮುಖದ ಬಳಿ ಸಮುದ್ರ ದಡವನ್ನು ತಿನ್ನುತ್ತ ಒಳಬರುತ್ತಿದೆ, ಉಪ್ಪುನೀರು ತಗಲಿದ ಪೈನ್ ಮರಗಳು ಒಣಗಿ ಸಾಯುತ್ತಿವೆ.

ನಾಲ್ಕನೆಯ ದಿನ: ಅಲ್ಬೆರೇಸೆಯಿಂದ ದಕ್ಷಿಣಕ್ಕೆ ಉಚ್ಚೆಲ್ಲೀನಾ ಗುಡ್ಡಗಳು ನೇರ ಸಮುದ್ರಕ್ಕೇ ಇಳಿಯುವುದರಿಂದ ಕಡಲಂಚಿನ ರಸ್ತೆಯಿಲ್ಲ. ಗುಡ್ಡದ ಈಚೆ ಇರುವುದು ಆವುರೇಲಿಯಾ ಹೆದ್ದಾರಿ, ಲಾರಿ ಕಾರುಗಳು ಬಾಣದಂತೆ ಹೋಗುವ ರಸ್ತೆ. ಅದರ ಅನೇಕ ಭಾಗಗಳಲ್ಲಿ ಸೈಕಲ್ಲಿಗೆ ಪ್ರವೇಶವೇ ಇಲ್ಲ. ಕರಾವಳಿಯುದ್ದಕ್ಕೂ ತಿರ್ರೇನಿಕಾ ಎಂಬ ಸೈಕಲ್ ಮಾರ್ಗವನ್ನು ಹಂತಹಂತವಾಗಿ ಕಟ್ಟುತ್ತಿದ್ದಾರೆ. ಅದು ಪೂರ್ತಿಯಾಗುವ ತನಕ ಇಲ್ಲಿ ಜಾಣತನವೆಂದರೆ ರೈಲು. ಗ್ರೊಸ್ಸೇತೊದಲ್ಲಿ ಸೈಕಲ್ ಸಮೇತ ರೈಲು ಹತ್ತಿ ಓರ್ಬೆತೆಲ್ಲೊದಲ್ಲಿ ಇಳಿಯಿರಿ. ಇಟಲಿಯ ಪ್ರಾದೇಶಿಕ ರೈಲುಗಳಲ್ಲಿ ಸೈಕಲ್ ಗುರುತಿರುವ ಡಬ್ಬಿಗಳಲ್ಲಿ, ಸಣ್ಣ ಮೊತ್ತದ ಬೇರೆ ಟಿಕೆಟು ಕೊಂಡು ಸೈಕಲ್ ಒಯ್ಯಬಹುದು. 'ಪೂರ್ತಿ ಸೈಕಲ್ಲಿನಲ್ಲೇ ಹೋದೆವು' ಎಂಬ ಹೆಗ್ಗಳಿಕೆಗಾಗಿ ಹೆದ್ದಾರಿಗೆ ಇಳಿಯಬೇಡಿ.

ಓರ್ಬೆತೆಲ್ಲೊ ಊರು ಖಾರಿಯ ನಡುವೆ ನಾಲಿಗೆಯಂತೆ ಚಾಚಿಕೊಂಡಿದೆ. ಅಲ್ಲಿಂದ ಎದುರಿನ ಅರ್ಜೆಂತಾರಿಯೊ ಬೆಟ್ಟಕ್ಕೆ 1842ರಲ್ಲಿ ಕಟ್ಟಿದ ಒಡ್ಡಿನ ಮೇಲೆ ದಾರಿ. ಎರಡೂ ಕಡೆ ನೀರು, ಅದೃಷ್ಟವಿದ್ದರೆ ರಾಜಹಂಸಗಳ ಹಿಂಡು. ಎಡಕ್ಕೆ ತಿರುಗಿದರೆ ಫೆನೀಲ್ಯಾ. ಆರೇಳು ಕಿಲೋಮೀಟರ್ ಉದ್ದದ ಮರಳಿನ ಪಟ್ಟಿ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಖಾರಿ, ನಡುವೆ ಪೈನ್ ಕಾಡು. ಮೋಟಾರು ವಾಹನಗಳಿಗೆ ನಿಷೇಧ. ಹಿಂದೆ ಮರ ಕಡಿದು, ದನ ಮೇಯಿಸಿ ಈ ಪಟ್ಟಿ ಬೋಳಾಗಿ, ಮರಳು ಹಾರಿ ಖಾರಿಯೇ ಹೂಳತೊಡಗಿತ್ತು. 20ನೆಯ ಶತಮಾನದ ಆರಂಭದಲ್ಲಿ ಸರಕಾರ ಮತ್ತೆ ಪೈನ್ ನೆಡಿಸಿತು. 1971ರಿಂದ ಇದು ಸಂರಕ್ಷಿತ ಪ್ರದೇಶ. ಹತ್ತಿರದ ಪೋರ್ತೊ ಎರ್ಕೊಲೆ ಊರು ಚಿತ್ರಕಾರ ಕಾರವಾಜ್ಜೊ 1610ರಲ್ಲಿ ತೀರಿಕೊಂಡ ಜಾಗ. ಎಲ್ಲ ನೋಡಿಕೊಂಡು ನಿಲ್ದಾಣಕ್ಕೆ ಮರಳಿದರೆ ಮೂವತ್ತೈದು ಕಿಲೋಮೀಟರಿನೊಳಗೆ ಮುಗಿಯುತ್ತದೆ. ನಾಲ್ಕು ದಿನಕ್ಕೆ ಒಟ್ಟು ನೂರನಲವತ್ತರ ಆಸುಪಾಸು.

ಕಾಲ, ಗಾಳಿ, ಬೆಂಕಿ

ಏಪ್ರಿಲ್ ಮಧ್ಯದಿಂದ ಜೂನ್ ಆರಂಭದವರೆಗೆ ಒಂದು ಸೂಕ್ತ ಕಾಲ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಇನ್ನೊಂದು. ಜುಲೈ, ಆಗಸ್ಟಿನಲ್ಲಿ ಹೋಗಬೇಡಿ. 'ನಾವು ಚೆನ್ನೈಯವರು, ನಾವು ಕಾಣದ ಬಿಸಿಲೇ?' ಎನ್ನಬಹುದು. ಚೆನ್ನೈಯ ಮೇ ತಿಂಗಳ ಮಧ್ಯಾಹ್ನ ನೀವು ಸೈಕಲ್ ತುಳಿಯುತ್ತೀರಾ ಎಂದು ಕೇಳಿಕೊಳ್ಳಿ. ಆ ತಿಂಗಳುಗಳಲ್ಲಿ ಕೋಣೆ ದುಬಾರಿ, ರಸ್ತೆಯ ತುಂಬ ಕಾರು, ಕಾಡು ಒಣಗಿ ಪಟಪಟ ಅನ್ನುತ್ತಿರುತ್ತದೆ. ಬೆಂಕಿಯ ಭಯದಿಂದ ಬೇಸಿಗೆಯಲ್ಲಿ ಮರೆಮ್ಮಾ ಉದ್ಯಾನದ ಹಲವು ಕಾಲುದಾರಿಗಳಿಗೆ ಮಾರ್ಗದರ್ಶಕರ ಜೊತೆಯಲ್ಲಿ ಮಾತ್ರ ಬಿಡುತ್ತಾರೆ. ಯಾವ ದಾರಿ ತೆರೆದಿದೆಯೆಂದು ಮೊದಲೇ ವಿಚಾರಿಸಿ.

ಚಳಿಗಾಲದ ಕೊನೆ ಮತ್ತು ವಸಂತದ ಆರಂಭದಲ್ಲಿ ಪೈನ್ ಮರದಿಂದ ಒಂದು ಬಗೆಯ ಕಂಬಳಿಹುಳುಗಳು ಇಳಿದು ಒಂದರ ಹಿಂದೊಂದು ಸಾಲಾಗಿ ಹೋಗುತ್ತವೆ. ನೋಡಲು ತಮಾಷೆ. ಮುಟ್ಟಿದರೆ, ಅದರ ರೋಮ ತಾಗಿದರೆ ಮೈಯೆಲ್ಲ ತುರಿಕೆ, ಕಣ್ಣಿಗೆ ಹೋದರೆ ಅಪಾಯ. ದೂರದಿಂದಲೇ ನಮಸ್ಕಾರ ಮಾಡಿ.

ಗಾಳಿಯನ್ನೂ ಯೋಚಿಸಬೇಕು. ಒಳ್ಳೆಯ ಹವೆಯ ದಿನಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಈ ಕರಾವಳಿಯಲ್ಲಿ ವಾಯವ್ಯದಿಂದ ಗಾಳಿ ಏಳುವುದು ಹೆಚ್ಚು; 'ಮಾಯೆಸ್ತ್ರಾಲೆ' ಎಂದು ಅದರ ಹೆಸರು. ನಮ್ಮ ದಾರಿಯನ್ನು ಉತ್ತರದಿಂದ ದಕ್ಷಿಣಕ್ಕೆ ಹಾಕಿರುವುದು ಅದು ಬೆನ್ನಿಗಿರಲೆಂದೇ. ಇದೇ ದಾರಿಯನ್ನು ತಿರುಗುಮುರುಗು ಹೋದರೆ ನಲವತ್ತು ಕಿಲೋಮೀಟರ್ ಅರವತ್ತರಂತೆ ಅನ್ನಿಸುತ್ತದೆ. ಮೂರನೆಯ ದಿನ ಮಾತ್ರ ಹೋದ ದಾರಿಯಲ್ಲೇ ವಾಪಸು ಬರುವುದರಿಂದ ಗಾಳಿ ಎದುರಾಗುತ್ತದೆ. ಆ ದಿನ ಬೇಗ ಹೊರಡಿ.

ಬೆಂಕಿಯ ಮಾತು ಮತ್ತೊಮ್ಮೆ. ಪೈನಿನಲ್ಲಿ ರಾಳವಿದೆ, ನೆಲದ ಮೇಲೆ ಒಣ ಎಲೆಗಳ ಹಾಸಿಗೆಯಿದೆ, ಕಡಲಗಾಳಿಯಂತೂ ಬೀಸುತ್ತಲೇ ಇದೆ. ಕಾಡಿನಲ್ಲಿ ಒಲೆ ಹಚ್ಚುವುದು, ಸಿಗರೇಟು ಸೇದುವುದು ಬೇಡವೇ ಬೇಡ. ಚಹಾ ಬೇಕೆನ್ನಿಸಿದರೆ ಊರಿಗೆ ಬಂದು ಕುಡಿಯಿರಿ. ಹೊಗೆ ಕಂಡರೆ ನೋಡುತ್ತ ನಿಲ್ಲದೆ, ಗಾಳಿ ಯಾವ ಕಡೆಯಿಂದ ಬರುತ್ತಿದೆಯೆಂದು ಗಮನಿಸಿ ಬಯಲಿಗೋ ಕಡಲ ದಡಕ್ಕೋ ಸರಿದು 112ಕ್ಕೆ ಕರೆಮಾಡಿ. ನಮ್ಮ ದೇಶದಲ್ಲಿಯೂ ಈಗ ತುರ್ತು ಕರೆಗೆ ಅದೇ ಸಂಖ್ಯೆ, ನೆನಪಿಡುವುದು ಸುಲಭ. ಈ ಮರಗಳಿಗೆ ಕಷ್ಟಗಳು ಮೊದಲೇ ಸಾಕಷ್ಟಿವೆ. ಉತ್ತರ ಅಮೆರಿಕದಿಂದ ಬಂದ ಒಂದು ತಿಗಣೆ ಜಾತಿಯ ಕೀಟ 1999ರಲ್ಲಿ ಇಟಲಿಯಲ್ಲಿ ಮೊದಲು ಕಾಣಿಸಿಕೊಂಡು ಪೈನ್ ಕಾಯಿಗಳ ರಸ ಹೀರಿ ಬೀಜದ ಇಳುವರಿಯನ್ನೇ ಕುಗ್ಗಿಸಿದೆ. ನಾವೂ ಸೇರಿ ಹೊರೆ ಹೆಚ್ಚಿಸಬಾರದು.

ಸೈಕಲ್, ನೀರು, ಬುತ್ತಿ

ರೇಸಿನ ಸಪೂರ ಚಕ್ರದ ಸೈಕಲ್ ಇಲ್ಲಿ ಬೇಡ. ಮರಳು, ಬೇರು, ಸಣ್ಣ ಕಲ್ಲು ಇರುವ ದಾರಿಗೆ ಮೂವತ್ತೈದು ಮಿಲಿಮೀಟರಿಗಿಂತ ಅಗಲದ ಟೈರು ಇರಲಿ. ಗುಂಪಿನಲ್ಲಿ ಯಾರಿಗಾದರೂ ಮೊಣಕಾಲು ನೋವು, ಅಭ್ಯಾಸ ಕಡಿಮೆ ಎಂದಿದ್ದರೆ ಅವರಿಗೆ ಬ್ಯಾಟರಿ ಸೈಕಲ್ ಬಾಡಿಗೆಗೆ ಕೊಡಿಸಿ. ಅದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ.

ಅಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ. ಮೊದಲ ದಿನ ಬೆಳಿಗ್ಗೆ, ಪ್ರತಿ ವಿಶ್ರಾಂತಿಯ ನಂತರ ಮತ್ತೆ ಹೊರಡುವಾಗ, ಎಡಕ್ಕೇ ಹೋಗುವ ನಮ್ಮ ಅಭ್ಯಾಸ ತಲೆಯೆತ್ತುತ್ತದೆ. ಊರ ಹೊರಗೆ ಸೈಕಲ್ಲುಗಳು ಒಂದರ ಹಿಂದೊಂದು ಹೋಗಬೇಕೆಂಬುದು ಅಲ್ಲಿನ ಕಾನೂನು. ಪಕ್ಕಪಕ್ಕ ಹರಟೆ ಹೊಡೆಯುತ್ತ ಹೋಗುವಂತಿಲ್ಲ. ಕತ್ತಲಾದ ಮೇಲೆ ಊರ ಹೊರಗೆ ದೀಪದ ಜೊತೆಗೆ ಬೆಳಕಿಗೆ ಹೊಳೆಯುವ ಮೇಲಂಗಿಯೂ ಕಡ್ಡಾಯ. ದೊಡ್ಡವರಿಗೆ ಹೆಲ್ಮೆಟ್ ಕಡ್ಡಾಯವಲ್ಲ, ಆದರೆ ಹಾಕದೆ ಹೋಗಬೇಡಿ. ನಿಮ್ಮ ತಲೆಯ ಬೆಲೆ ನಿಮ್ಮ ತಾಯಂದಿರಿಗೆ ಗೊತ್ತು.

ಬಿಸಿಲಲ್ಲಿ ತುಳಿಯುವವರಿಗೆ ಗಂಟೆಗೆ ಅರ್ಧ ಲೀಟರ್ ನೀರಾದರೂ ಬೇಕು, ಸೆಕೆ ಹೆಚ್ಚಿದ್ದರೆ ಇನ್ನೂ ಹೆಚ್ಚು. ಬಾಯಾರಿಕೆಯಾಗುವ ತನಕ ಕಾಯಬಾರದು. ಬರಿಯ ನೀರಲ್ಲದೆ ಚಿಟಿಕೆ ಉಪ್ಪು, ಸ್ವಲ್ಪ ಸಕ್ಕರೆ, ನಿಂಬೆರಸ ಸೇರಿಸಿದ ನಮ್ಮ ಪಾನಕ ಯಾವ ದುಬಾರಿ ಪುಡಿಗೂ ಕಡಿಮೆಯಲ್ಲ. ಯಾರಿಗಾದರೂ ತಲೆಸುತ್ತು, ಓಕರಿಕೆ, ಮಾತು ತೊದಲುವುದು ಕಂಡರೆ ಅಂದಿನ ಸವಾರಿ ಅಲ್ಲಿಗೇ ಮುಗಿಯಿತೆಂದು ತಿಳಿಯಿರಿ. ನೆರಳಿಗೆ ಕರೆದೊಯ್ದು ಮೈಗೆ ನೀರು ಹಚ್ಚಿ ಗಾಳಿ ಹಾಕಿ, ಸಹಾಯ ಕರೆಯಿರಿ.

ಸಣ್ಣ ಊರುಗಳಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಅಂಗಡಿಗಳು ಮುಚ್ಚಿರುವುದು ಸಾಮಾನ್ಯ. ಆದ್ದರಿಂದ ಬುತ್ತಿಯನ್ನು ಬೆಳಿಗ್ಗೆಯೇ ಕಟ್ಟಿಕೊಳ್ಳಬೇಕು. ಹುರಿಗಡಲೆ, ಕಡಲೆಕಾಯಿ ಚಿಕ್ಕಿ, ಒಗ್ಗರಣೆ ಅವಲಕ್ಕಿ, ಚಟ್ನಿಪುಡಿ ಇವು ಕೆಡುವುದಿಲ್ಲ, ಭಾರವೂ ಅಲ್ಲ. ಊರಿಂದ ಕೊಂಡೊಯ್ಯುವವರು ಒಂದನ್ನು ಗಮನಿಸಿ: ಮಾಂಸದ ಮತ್ತು ಹಾಲಿನ ಪದಾರ್ಥಗಳನ್ನು ಯುರೋಪಿನ ಒಕ್ಕೂಟದೊಳಕ್ಕೆ ತರಲು ಬಿಡುವುದಿಲ್ಲ. ಪೇಡೆ, ತುಪ್ಪ, ಕೋವ ಮನೆಯಲ್ಲೇ ಇರಲಿ. ಸಸ್ಯಾಹಾರಿಗಳು 'ಸೆಂತ್ಸಾ ಕಾರ್ನೆ, ಸೆಂತ್ಸಾ ಪೇಶೆ' ಎಂದು ಹೇಳಲು ಕಲಿಯಿರಿ. ಮಾಂಸ ಬೇಡ, ಮೀನು ಬೇಡ ಎಂದರ್ಥ. ಅಕ್ವಾಕೊತ್ತಾ ಎಂಬುದು ಮರೆಮ್ಮಾದ ಬಡ ದನಗಾಹಿಗಳ ಹಳೆಯ ಅಡಿಗೆ. ಈರುಳ್ಳಿ, ತರಕಾರಿ ಬೇಯಿಸಿದ ಸಾರನ್ನು ಒಣಗಿದ ಬ್ರೆಡ್ಡಿನ ಮೇಲೆ ಸುರಿದು, ಸಾಮಾನ್ಯವಾಗಿ ಮೇಲೊಂದು ಮೊಟ್ಟೆ ಹಾಕುತ್ತಾರೆ. ಮೊಟ್ಟೆ ತಿನ್ನದವರು ಮೊದಲೇ ಹೇಳಬೇಕು.

ಕೊನೆಯವರ ಜೊತೆಗೆ

ಹೊರಡುವ ಎರಡು ತಿಂಗಳ ಮೊದಲು ನಿಮ್ಮ ನಿಮ್ಮ ಊರಲ್ಲೇ ಅಭ್ಯಾಸ ಮಾಡಿ. ಒಂದು ದಿನ ಎಪ್ಪತ್ತು ಕಿಲೋಮೀಟರ್ ತುಳಿದು ಮೂರು ದಿನ ಮಲಗುವುದಕ್ಕಿಂತ, ಶನಿವಾರ ಮೂವತ್ತೈದು, ಭಾನುವಾರ ಮತ್ತೆ ಮೂವತ್ತೈದು ತುಳಿದು ನೋಡಿ. ಎರಡನೆಯ ಬೆಳಿಗ್ಗೆ ಸೀಟಿನ ಮೇಲೆ ಕೂತಾಗ ನಿಜ ತಿಳಿಯುತ್ತದೆ. ಆ ಅಭ್ಯಾಸದಲ್ಲೇ ಯಾರು ನಿಧಾನ ಎಂಬುದು ಗೊತ್ತಾಗುತ್ತದೆ. ಅವರನ್ನು ಬಿಟ್ಟುಹೋಗುವ ಯೋಚನೆ ಬೇಡ, ಅವರ ವೇಗಕ್ಕೆ ದಾರಿ ಹಾಕಿ. ದಾರಿಯಲ್ಲಿ ಬಲಿಷ್ಠ ಸವಾರ ಎಲ್ಲರಿಗಿಂತ ಹಿಂದೆ ಇರಲಿ; ಪಂಪು, ರಿಪೇರಿ ಸಾಮಾನು, ಔಷಧದ ಪೆಟ್ಟಿಗೆ ಅವನ ಬಳಿಯೇ ಇರಲಿ. ಪ್ರತಿ ಕವಲುದಾರಿಯಲ್ಲಿ ಎಲ್ಲರೂ ಬಂದು ಸೇರುವ ತನಕ ಕಾಯುವುದು ನಿಯಮವಾಗಲಿ. ಕೊನೆಯವರು ಬಂದ ಕೂಡಲೇ 'ಸರಿ, ಹೊರಡೋಣ' ಎನ್ನಬೇಡಿ. ಅವರಿಗೂ ಉಸಿರು ಬಿಡುವಷ್ಟು ಸಮಯ ಕೊಡಿ. ಮುಂದೆ ಬಂದವರೆಲ್ಲ ಆಗಲೇ ದಣಿವಾರಿಸಿಕೊಂಡಿರುತ್ತಾರೆ, ಕೊನೆಯವರಿಗೆ ಮಾತ್ರ ವಿಶ್ರಾಂತಿಯೇ ಸಿಗದು. ಗುಂಪು ಪ್ರವಾಸಗಳಲ್ಲಿ ಮನಸ್ತಾಪ ಹುಟ್ಟುವುದು ಹೆಚ್ಚಾಗಿ ಇಲ್ಲೇ.

ದಿನದ ದಾರಿ, ತಂಗುವ ಊರು, ನಡುವೆ ಸಿಗುವ ರೈಲು ನಿಲ್ದಾಣ ಇವನ್ನು ಒಂದು ಹಾಳೆಯಲ್ಲಿ ಬರೆದು ಪ್ರತಿಯೊಬ್ಬರ ಜೇಬಿನಲ್ಲಿಡಿ, ಮನ��ಗೂ ಒಂದು ಪ್ರತಿ ಕಳಿಸಿ. ಫೋನಿನ ನಕಾಶೆಯನ್ನು ಇಂಟರ್ನೆಟ್ ಇಲ್ಲದಿದ್ದಾಗಲೂ ತೆರೆಯುವಂತೆ ಇಳಿಸಿಕೊಂಡಿರಿ. ಇಲ್ಲಿಂದಲೇ ಹೋಗುವವರಿಗೆ ಷೆಂಗನ್ ವೀಸಾ ಬೇಕು. ಅದಕ್ಕೆ ಕನಿಷ್ಠ ಮೂವತ್ತು ಸಾವಿರ ಯೂರೋ ಮೊತ್ತದ ಪ್ರವಾಸ ವಿಮೆ ಬೇಕಾಗುತ್ತದೆ. ಸೈಕಲ್ ಸವಾರಿಯಲ್ಲಿ ಆದ ಪೆಟ್ಟಿಗೂ ಅದು ಅನ್ವಯಿಸುತ್ತದೆಯೇ ಎಂದು ಓದಿ ನೋಡಿ.

ಇಷ್ಟೆಲ್ಲ ಪಟ್ಟಿ ನೋಡಿ ಹೆದರಬೇಡಿ. ಪಟ್ಟಿ ಮಾಡುವುದು ಹೊರಡುವ ಮೊದಲು ಒಂದು ಸಲ. ಆಮೇಲೆ ನಾಲ್ಕು ದಿನ ತಲೆ ಹಗುರ. ಹೋಗಿ ಬನ್ನಿ. ಬಂದ ಮೇಲೆ ಎಷ್ಟು ಕಿಲೋಮೀಟರ್ ತುಳಿದಿರೆಂದು ನಮಗೆ ಹೇಳಬೇಕಾಗಿಲ್ಲ. ಏನು ನೋಡಿದಿರಿ, ಯಾರ ಜೊತೆ ಮಾತಾಡಿದಿರಿ, ಹೋದವರೆಲ್ಲ ಗೆಳೆಯರಾಗಿಯೇ ಮರಳಿದಿರಾ ಎಂಬುದನ್ನು ನಮ್ಮ ಈ ಪತ್ರಿಕೆಗೆ ಕನ್ನಡದಲ್ಲಿ ಬರೆದು ಕಳಿಸಿ. ಮಾತಾಡಲು ಬಂದು ಬರೆಯಲು ಬಾರದವರು ಅಮ್ಮನಿಗೋ ಅಜ್ಜಿಗೋ ಹೇಳಿ ಬರೆಸಿ. ಅವರೂ ಆ ನೆಪದಲ್ಲಿ ಪೈನ್ ಕಾಡಿನಲ್ಲಿ ಒಂದು ಸುತ್ತು ಹೋಗಿಬರಲಿ.